ವಿಶ್ವವಿದ್ಯಾನಿಲಯದಲ್ಲಿ ವಿನ್ಯಾಸವಿದ್ಯೆ



ಕೊಳ್ಳೇಗಾಲದಿಂದ ಹೊರಟು ಹನೂರಿನ ಮಾರ್ಗವಾಗಿ ಮಲೆಯ ಮಹದೇಶ್ವರನ ಬೆಟ್ಟಕ್ಕೆ ಹೋಗಿ ಬಂದವರು ನಿಮ್ಮಲ್ಲಿ ಅನೇಕರಿರಬಹುದು. ಆ ಸೀಮೆಯಲ್ಲಿ ಶಾಗ್ಯವೆಂಬುದೊಂದು ಗ್ರಾಮ. ಅಲ್ಲಿನ ಒಂದು ರೈತ ಮನೆತನವನ್ನು ಕ್ಷಣಕಾಲ ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಿರಿ. ಮನೆಯ ಮಗಳು ದ್ವಿತೀಯ ಪಿ.ಯು.ಸಿ. ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದಾಳೆ. ಒಂದು ಸಂಜೆ ತಂದೆಯ ಎದುರಿಗೆ ನಿಂತು, ತಾನು ವಿನ್ಯಾಸವಿದ್ಯೆಯನ್ನು ಓದಬೇಕೆಂದಿರುವುದಾಗಿ ತಿಳಿಸುತ್ತಾಳೆ.

"ಅಂಗಂದ್ರೇನವ್ವ?"

"ಡಿಸೈನು ಕನಪ್ಪ."

"ಚಿತ್ರ ಬರ್ಯಾದಾ? ಅದ್ಕೆ ನಾಕು ವರ್ಸ ಓದ್ಬೇಕಾ?"

ಈ ಪ್ರಶ್ನೆಯಲ್ಲಿ ನಗತಕ್ಕದ್ದೇನೂ ಇಲ್ಲ. ಪಟ್ಟಣಗಳಲ್ಲಿ ವಾಸಿಸುವ, ಓದುಬರಹಬಲ್ಲ ಅನೇಕ ತಂದೆತಾಯಿಗಳೂ ಇದೇ ಪ್ರಶ್ನೆಯನ್ನು ಇಷ್ಟು ನೇರವಾಗಿಯಲ್ಲದೆ, ಸುತ್ತು ಮಾತಿನಲ್ಲಿ ಕೇಳುತ್ತಾರೆ. ವೈದ್ಯಶಾಸ್ತ್ರವೆಂದರೆ ರೋಗಿ ಕಣ್ಣಿಗೆ ಬರುತ್ತಾನೆ. ನ್ಯಾಯಶಾಸ್ತ್ರವೆಂದರೆ ಕೋರ್ಟು ಕಚೇರಿ ಕಣ್ಣಿಗೆ ಬರುತ್ತದೆ. ವಿನ್ಯಾಸವಿದ್ಯೆಯೆಂದರೆ ಏನು ಕಣ್ಣಿಗೆ ಬರಬೇಕು? ಸೀರೆಯ ಮೇಲಿನ ಹೂವೇ? ಗೋಡೆಯ ಮೇಲಿನ ಬಣ್ಣವೇ? ಅಷ್ಟೇ ಆದಲ್ಲಿ ತಂದೆಯ ಸಂಶಯವು ನ್ಯಾಯವಾದುದೇ ಸರಿ. ಅದು ಅಷ್ಟೇ ಅಲ್ಲವೆಂಬುದನ್ನು ಈ ಹೊತ್ತು ವಿವರಿಸಲು ಪ್ರಯತ್ನಿಸುತ್ತೇನೆ. ಅದಕ್ಕಾಗಿ ದೂರದೇಶದ ದೃಷ್ಟಾಂತಗಳನ್ನು ಹುಡುಕಿಕೊಂಡು ಹೋಗಬೇಕಾದುದಿಲ್ಲ. ಕೊಳ್ಳೇಗಾಲ ಸೀಮೆಯ ರೇಷ್ಮೆ ಬೆಳೆಗಾರರ ಮನೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಒಂದು ಬಿದಿರಿನ ಸಾಮಾನಿನಿಂದಲೇ ಆರಂಭಿಸೋಣ.

ಕೊಳ್ಳೇಗಾಲವು ರೇಷ್ಮೆಗೆ ಹೆಸರಾದ ಸೀಮೆ. ೧೯೫೬ನೆಯ ಇಸವಿಯ ರಾಜ್ಯಗಳ ಪುನರ್ವಿಂಗಡಣೆಯವರೆಗೆ ಅದು ಮೈಸೂರಿಗೆ ಸೇರಿರದೆ, ಮದರಾಸಿನ ಆಡಳಿತದಲ್ಲಿ ಕೊಯಮತ್ತೂರು ಜಿಲ್ಲೆಯ ಒಂದು ಭಾಗವಾಗಿತ್ತು. ಆ ಪ್ರಾಂತದಲ್ಲಿ ರೇಷ್ಮೆಹುಳು ಸಾಕಣೆಗೆ ಮುಖ್ಯ ನೆಲೆಯೆನಿಸಿತ್ತು. ಈಗ ಅದು ೧೯೯೭ರಲ್ಲಿ ರಚಿತವಾದ ಚಾಮರಾಜನಗರ ಜಿಲ್ಲೆಗೆ ಸೇರಿದೆ. ಹಿಪ್ಪುನೇರಳೆಯ ತೋಟ, ಹುಳುಮನೆ, ನೂಲು ಬಿಚ್ಚುವ ಕೆಲಸ, ಪಟ್ಟಣದಲ್ಲಿ ಕೈಮಗ್ಗದ ಸದ್ದು, ಇವೆಲ್ಲ ಆ ಸೀಮೆಯ ಜೀವನದೊಡನೆ ಬೆರೆತುಹೋಗಿವೆ. ಹುಳುಮನೆಯನ್ನು ಹೊಕ್ಕು ನೋಡಿದವರು ಚಂದ್ರಿಕೆಯನ್ನು ಕಂಡಿರುತ್ತೀರಿ. ಸುಮಾರು ಆರಡಿ ಉದ್ದ ನಾಲ್ಕಡಿ ಅಗಲದ ಬಿದಿರಿನ ಚಾಪೆ; ಅದರ ಮೇಲೆ ಎರಡು ಅಂಗುಲದಷ್ಟು ಎತ್ತರದ ಬಿದಿರಿನ ಪಟ್ಟಿಯನ್ನು ನಡುವಿನಿಂದ ಆರಂಭಿಸಿ ಸುರುಳಿಸುರುಳಿಯಾಗಿ ಅಂಚಿನವರೆಗೆ ನಿಲ್ಲಿಸಿರುತ್ತಾರೆ. ನೋಡುವುದಕ್ಕೆ ಅದು ಬಾಗಿಲ ಮುಂದಿನ ದೊಡ್ಡದೊಂದು ರಂಗವಲ್ಲಿಯಂತೆ ತೋರುತ್ತದೆ. ಆದರೆ ಆ ಸುರುಳಿಯು ಅಂದಕ್ಕಾಗಿ ಹುಟ್ಟಿದುದಲ್ಲ.

ರೇಷ್ಮೆಹುಳುವು ನಾಲ್ಕು ಬಾರಿ ಪೊರೆ ಬಿಟ್ಟು, ಐದನೆಯ ಅವಸ್ಥೆಯ ಕೊನೆಗೆ ಸೊಪ್ಪು ತಿನ್ನುವುದನ್ನು ನಿಲ್ಲಿಸಿ, ಮೈ ತಿಳಿಯಾಗಿ, ತಲೆಯನ್ನೆತ್ತಿ ಆಸರೆಯನ್ನು ಹುಡುಕತೊಡಗುತ್ತದೆ. ಹುಳು ಹಣ್ಣಾಯಿತೆಂದು ನಮ್ಮ ರೈತರು ಹೇಳುವುದು ಈ ಸ್ಥಿತಿಗೇ. ಆಗ ಅದಕ್ಕೆ ಬೇಕಾದುದೇನು? ಮೊದಲನೆಯದಾಗಿ, ನೂಲಿನ ಮೊದಲ ಎಳೆಗಳನ್ನು ಕಟ್ಟಿಕೊಳ್ಳಲು ಅದರ ಮೈಯಳತೆಗೆ ಒಪ್ಪುವ ಒಂದು ಮೂಲೆ. ತೀರ ಬಯಲಾದರೆ ಎಳೆ ನಿಲ್ಲದು. ತೀರ ಇಕ್ಕಟ್ಟಾದರೆ ಗೂಡಿನ ಆಕಾರ ಕೆಡುವುದು. ಎರಡನೆಯದಾಗಿ, ಗಾಳಿ. ಗೂಡು ಕಟ್ಟುವ ಮೊದಲು ಹುಳುಗಳು ಮೂತ್ರ ಬಿಡುತ್ತವೆ. ಆ ತೇವವು ಕೆಳಕ್ಕೆ ಇಳಿದು ಆರಿಹೋಗದಿದ್ದರೆ ಗೂಡಿಗೆ ಕಲೆ ಹತ್ತಿ ನೂಲು ಕಳಪೆಯಾಗುತ್ತದೆ. ಮೂರನೆಯದಾಗಿ, ಅಂತರ. ಎರಡು ಹುಳುಗಳು ಒಂದೇ ಕಡೆ ಸೇರಿದರೆ ಜೋಡಿಗೂಡು ಆಗುತ್ತದೆ. ಅದರಲ್ಲಿ ಎರಡು ಎಳೆಗಳು ಹೆಣೆದುಕೊಂಡಿರುವುದರಿಂದ ನೂಲು ಸರಾಗವಾಗಿ ಬಿಚ್ಚದು. ನಾಲ್ಕನೆಯದು ಹುಳುವಿನ ಅಗತ್ಯವಲ್ಲ, ಮನುಷ್ಯನದು: ಸಾವಿರ ಹುಳುಗಳನ್ನು ಬಿಡುವುದಕ್ಕೂ, ಐದಾರು ದಿನಗಳ ತರುವಾಯ ಸಾವಿರ ಗೂಡುಗಳನ್ನು ಬಿಡಿಸುವುದಕ್ಕೂ ಕೈ ಸುಲಭವಾಗಿ ಆಡಬೇಕು, ಸಾಮಾನು ಹೊರುವುದಕ್ಕೆ ಹಗುರವಾಗಿರಬೇಕು, ಬೆಲೆ ರೈತನಿಗೆ ನಿಲುಕುವಂತಿರಬೇಕು.

ಈಗ ಚಂದ್ರಿಕೆಯನ್ನು ಮತ್ತೊಮ್ಮೆ ನೋಡಿರಿ. ಸುರುಳಿಯ ಎರಡು ಸುತ್ತುಗಳ ನಡುವಣ ಓಣಿಯೇ ಹುಳುವಿಗೆ ಬೇಕಾದ ಮೂಲೆ. ಹೆಣೆದ ಬಿದಿರಿನ ಸಂದುಗಳೇ ಗಾಳಿಗೆ ದಾರಿ. ಚಂದ್ರಿಕೆಯನ್ನು ನೆರಳಿನಲ್ಲಿ ಓರೆಯಾಗಿ ನಿಲ್ಲಿಸುವುದರಿಂದ ತೇವವು ತಾನಾಗಿಯೇ ಇಳಿದುಹೋಗುತ್ತದೆ. ಎಲ್ಲ ಪಟ್ಟಿಯೂ ಒಂದೇ ಮೈಯಾಗಿ ತೆರೆದಿರುವುದರಿಂದ ಗೂಡು ಬಿಡಿಸುವವಳ ಕೈಗೆ ತಡೆಯಿಲ್ಲ. ಒಂದು ಚಂದ್ರಿಕೆಯಲ್ಲಿ ಸುಮಾರು ಒಂದು ಸಾವಿರ ಹುಳುಗಳಿಗೆ ಎಡೆಯುಂಟು. ಅಗತ್ಯಗಳನ್ನು ಒಂದೊಂದಾಗಿ ಎಣಿಸಿ, ಅವುಗಳಲ್ಲಿ ಒಂದಕ್ಕೊಂದು ವಿರೋಧವಾದುವನ್ನು ತೂಗಿನೋಡಿ, ಕೈಗೆ ಸಿಕ್ಕುವ ಪದಾರ್ಥದಿಂದಲೇ ಎಲ್ಲಕ್ಕೂ ಉತ್ತರವಾಗುವಂತಹ ಒಂದು ಆಕಾರವನ್ನು ಕಂಡುಹಿಡಿಯುವ ಈ ಕೆಲಸಕ್ಕೆ ವಿನ್ಯಾಸವೆಂದು ಹೆಸರು. ಆ ಆಕಾರವು ಅಂದವಾಗಿಯೂ ಇದ್ದರೆ ಅದು ಉತ್ತರ ಸರಿಯಾಗಿ ಕೂಡಿಬಂದುದರ ಫಲ. ಮೇಲಿನಿಂದ ಬಳಿದ ಬಣ್ಣವಲ್ಲ.

ವಿನ್ಯಾಸವೆಂಬ ಮಾತಿನಲ್ಲಿಯೇ ಈ ಅರ್ಥ ಅಡಗಿದೆ. ನ್ಯಾಸವೆಂದರೆ ಇಡುವುದು, ವಿನ್ಯಾಸವೆಂದರೆ ವಿಶೇಷವಾಗಿ, ಕ್ರಮವರಿತು ಇಡುವುದು. ನಮ್ಮ ಸಂಗೀತಗಾರರು ಸ್ವರವಿನ್ಯಾಸವೆಂದು ಹೇಳುವಾಗ ಯಾವ ಸ್ವರವನ್ನು ಎಲ್ಲಿಡಬೇಕೆಂಬ ವಿವೇಕವನ್ನೇ ಉದ್ದೇಶಿಸುತ್ತಾರೆ. ಹಳ್ಳಿಯ ನುಡಿಯಲ್ಲಿ ಹಂಚಿಕೆ, ಓರಣ, ಒಪ್ಪ ಎಂಬ ಮಾತುಗಳು ಈ ಭಾವದ ಒಂದೊಂದು ಮುಖವನ್ನು ಹೇಳುತ್ತವೆ.

ಇಲ್ಲಿ ನೀವು ಒಂದು ಆಕ್ಷೇಪವನ್ನು ತರಬಹುದು. ಚಂದ್ರಿಕೆಯನ್ನು ಮಾಡಿದವರು ಯಾವ ವಿಶ್ವವಿದ್ಯಾನಿಲಯದಲ್ಲಿ ಓದಿದ್ದರು? ಬಿದಿರು ಸೀಳುವ ಮೇದರೂ ಹುಳು ಸಾಕುವ ಹೆಂಗಸರೂ ಕೂಡಿ ತಲೆಮಾರುಗಳಲ್ಲಿ ತಿದ್ದಿತಿದ್ದಿ ಮಾಡಿದುದಲ್ಲವೇ? ಆಕ್ಷೇಪವು ಯುಕ್ತವಾದುದು. ಇದೇ ವಿಚಾರವನ್ನು ಅಮೆರಿಕ ದೇಶದ ವಿನ್ಯಾಸಕಾರ ದಂಪತಿಗಳಾದ ಚಾರ್ಲ್ಸ್ ಈಮ್ಸ್ ಮತ್ತು ರೇ ಈಮ್ಸ್ ಅವರು ನಮ್ಮ ದೇಶಕ್ಕೆ ಸಂಬಂಧಿಸಿಯೇ ಎತ್ತಿದರು. ಭಾರತ ಸರ್ಕಾರದ ಆಹ್ವಾನದ ಮೇಲೆ ಇಲ್ಲಿಗೆ ಬಂದು ಸಂಚರಿಸಿ, ೧೯೫೮ರ ಏಪ್ರಿಲ್ ತಿಂಗಳಲ್ಲಿ ಅವರು ಒಂದು ವರದಿಯನ್ನು ಒಪ್ಪಿಸಿದರು. ಆ ವರದಿಯಲ್ಲಿ ಅವರು ಬಹುವಾಗಿ ಮೆಚ್ಚಿ ವಿವೇಚಿಸಿದ ವಸ್ತು ಅರಮನೆಯ ಆಭರಣವಲ್ಲ, ದೇವಾಲಯದ ಶಿಲ್ಪವಲ್ಲ. ನಮ್ಮ ಮನೆಮನೆಯ ತಂಬಿಗೆ. ಅದರಲ್ಲಿ ಎಷ್ಟು ನೀರು ಹಿಡಿಯಬೇಕು, ತುಂಬಿದಾಗ ಭಾರ ಎಲ್ಲಿ ನಿಲ್ಲುತ್ತದೆ, ಬರಿದಾದಾಗ ಎಲ್ಲಿ ನಿಲ್ಲುತ್ತದೆ, ತಲೆಯ ಮೇಲೆ ಹೊರುವಾಗ ಹೇಗೆ, ಸೊಂಟದ ಮೇಲಿಟ್ಟಾಗ ಹೇಗೆ, ಬಗ್ಗಿಸಿದಾಗ ನೀರು ಹೇಗೆ ಬೀಳುತ್ತದೆ, ತೊಳೆಯುವುದಕ್ಕೆ ಕೈ ಒಳಗೆ ಹೋಗುತ್ತದೆಯೇ, ಬೆಲೆಯೇನು, ಹಳೆಯದಾದಾಗ ಲೋಹಕ್ಕೆ ಏನು ದೊರೆಯುತ್ತದೆ, ಹೀಗೆ ಪ್ರಶ್ನೆಗಳನ್ನು ಸಾಲಾಗಿ ಹಾಕಿ, ಇಂತಹ ವಸ್ತುವನ್ನು ಯಾವನೊಬ್ಬ ಮನುಷ್ಯನೂ ರಚಿಸಲಿಲ್ಲ, ಅನೇಕ ತಲೆಮಾರುಗಳ ಅನೇಕ ಜನರು ರಚಿಸಿದರು ಎಂಬ ತೀರ್ಮಾನಕ್ಕೆ ಅವರು ಬಂದರು.

ಹಾಗಾದರೆ ವಿದ್ಯಾಲಯವೇಕೆ? ಉತ್ತರವೂ ಆ ವರದಿಯಲ್ಲಿಯೇ ಇದೆ. ತಂಬಿಗೆಗೆ ಶತಮಾನಗಳ ಬಿಡುವಿತ್ತು. ನಮ್ಮ ಕಾಲಕ್ಕೆ ಆ ಬಿಡುವಿಲ್ಲ. ಪದಾರ್ಥಗಳು, ಯಂತ್ರಗಳು, ಜನರ ವೃತ್ತಿಗಳು, ವಾಸದ ರೀತಿಗಳು ಒಂದು ತಲೆಮಾರಿನೊಳಗೇ ಬದಲಾಗುತ್ತಿರುವಲ್ಲಿ, ತಲೆಮಾರುಗಳು ತಾವಾಗಿ ತಿದ್ದಲೆಂದು ಕಾದು ಕುಳಿತುಕೊಳ್ಳುವಂತಿಲ್ಲ. ತಿದ್ದುವ ಕ್ರಮವನ್ನೇ ಶಾಸ್ತ್ರವಾಗಿ ಕಲಿಯಬೇಕಾಗುತ್ತದೆ. ಈ ವರದಿಯ ಫಲವಾಗಿ ೧೯೬೧ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯು ಸ್ಥಾಪಿತವಾಯಿತು.

ಚಂದ್ರಿಕೆಯ ಕಥೆಯೇ ಇದಕ್ಕೆ ನಿದರ್ಶನ. ಈಗ ಅನೇಕ ಹುಳುಮನೆಗಳಲ್ಲಿ ಮಡಿಸಿಡಬಹುದಾದ ಪ್ಲಾಸ್ಟಿಕ್ಕಿನ ಚಂದ್ರಿಕೆಗಳು ಬಂದಿವೆ. ಅವು ಜಾಗವನ್ನು ಉಳಿಸುತ್ತವೆ, ತೊಳೆದು ರೋಗಾಣುಗಳನ್ನು ಕಳೆಯುವುದು ಸುಲಭ. ಆದರೆ ಬಿದಿರಿನಂತೆ ಪ್ಲಾಸ್ಟಿಕ್ಕು ತೇವವನ್ನು ಹೀರದು. ಜಪಾನಿನವರು ತಿರುಗುವ ಚೌಕಟ್ಟೊಂದನ್ನು ಮಾಡಿದರು. ರಟ್ಟಿನಲ್ಲಿ ಒಂದೊಂದು ಹುಳುವಿಗೆ ಒಂದೊಂದು ಚೌಕದ ಮನೆ. ಹಣ್ಣಾದ ಹುಳು ಸ್ವಭಾವದಿಂದ ಮೇಲಕ್ಕೇರುತ್ತದೆ. ಮೇಲ್ಭಾಗದಲ್ಲಿ ಹುಳುಗಳು ಹೆಚ್ಚಾದಾಗ ಆ ಭಾರಕ್ಕೇ ಚೌಕಟ್ಟು ತಿರುಗಿ ಮೇಲಿನದು ಕೆಳಕ್ಕೆ ಬರುತ್ತದೆ. ಮತ್ತೆ ಏರಿದ ಹುಳುಗಳು ಖಾಲಿ ಮನೆಗಳನ್ನು ಹಿಡಿಯುತ್ತವೆ. ಹೀಗೆ ಯಾರೂ ಕೈ ಹಾಕದೆಯೇ ಹುಳುಗಳು ಸಮನಾಗಿ ಹಂಚಿಹೋಗುತ್ತವೆ, ಜೋಡಿಗೂಡು ಕಡಮೆಯಾಗುತ್ತದೆ. ಹುಳುವಿನ ಸ್ವಭಾವವನ್ನು ತಾಳ್ಮೆಯಿಂದ ನೋಡಿದವನಿಗಲ್ಲದೆ ಈ ಉಪಾಯ ಹೊಳೆಯದು. ಬಿದಿರಿನದಕ್ಕೂ ಪ್ಲಾಸ್ಟಿಕ್ಕಿನದಕ್ಕೂ ರಟ್ಟಿನದಕ್ಕೂ ಒಂದೊಂದು ಗುಣ, ಒಂದೊಂದು ಕೊರತೆ. ಸಣ್ಣ ಹಿಡುವಳಿಯ ರೈತನಿಗೆ, ಅವನ ಮನೆಯ ಅಳತೆಗೆ, ಅವನ ಕೈಯ ಹಣಕ್ಕೆ ಯಾವುದು ತಕ್ಕುದು? ನಾಲ್ಕನೆಯದೊಂದನ್ನು ಮಾಡಬಹುದೇ? ಒಬ್ಬ ವಿದ್ಯಾರ್ಥಿಗೆ ಪದವಿಯ ಕೊನೆಯ ವರ್ಷದ ಕೆಲಸವಾಗಲು ಈ ಪ್ರಶ್ನೆ ಧಾರಾಳವಾಗಿ ಸಾಕು.

ಇನ್ನು ಆ ನಾಲ್ಕು ವರ್ಷಗಳಲ್ಲಿ ಕಲಿಸುವುದೇನೆಂಬುದನ್ನು ನೋಡೋಣ. ಮೊದಲನೆಯ ವರ್ಷವು ಬಹುತೇಕ ಸಂಸ್ಥೆಗಳಲ್ಲಿ ಎಲ್ಲರಿಗೂ ಸಾಮಾನ್ಯವಾದ ಅಡಿಪಾಯದ ವರ್ಷ. ಈ ಪದ್ಧತಿಯ ಮೂಲವನ್ನು ೧೯೧೯ರಲ್ಲಿ ಜರ್ಮನಿಯ ವೈಮಾರ್ ನಗರದಲ್ಲಿ ವಾಲ್ಟರ್ ಗ್ರೋಪಿಯಸ್ ಸ್ಥಾಪಿಸಿದ ಬೌಹೌಸ್ ಎಂಬ ಶಾಲೆಯಲ್ಲಿ ಕಾಣಬಹುದು. ಆ ಶಾಲೆ ೧೯೩೩ರಲ್ಲಿ ಮುಚ್ಚಿಹೋದರೂ ಅದರ ಕ್ರಮವು ಲೋಕದಲ್ಲೆಲ್ಲ ಹರಡಿತು. ಅಲ್ಲಿ ಮೊದಲ ವರ್ಷಗಳಲ್ಲಿ ಪ್ರತಿಯೊಂದು ಕಾರ್ಯಾಗಾರಕ್ಕೂ ಇಬ್ಬರು ಗುರುಗಳಿದ್ದರು: ಒಬ್ಬನು ರೂಪವನ್ನು ಬೋಧಿಸುವ ಕಲಾವಿದ, ಇನ್ನೊಬ್ಬನು ಕೈಕೆಲಸವನ್ನು ಬೋಧಿಸುವ ಕಸಬುದಾರ. ನೇಕಾರನೂ ಬಡಗಿಯೂ ಚಿತ್ರಗಾರನ ಪಕ್ಕದಲ್ಲಿ ನಿಂತು ಪಾಠ ಹೇಳಿದರೆಂಬ ಈ ಸಂಗತಿಯನ್ನು ನೆನಪಿನಲ್ಲಿಡಿರಿ. ಮುಂದೆ ಅದು ಪ್ರಯೋಜನಕ್ಕೆ ಬರುತ್ತದೆ.

ಅಡಿಪಾಯದ ವರ್ಷದಲ್ಲಿ ವಿದ್ಯಾರ್ಥಿಯು ಕಣ್ಣಿಗೆ ಕಂಡುದನ್ನು ಕಂಡಂತೆ ಬರೆಯುವುದನ್ನು ಕಲಿಯುತ್ತಾನೆ. ಇದು ಕೇಳಿದಷ್ಟು ಸುಲಭವಲ್ಲ. ಮೊರವನ್ನು ಬರೆಯೆಂದರೆ ನಾವು ಬರೆಯುವುದು ನಮ್ಮ ತಲೆಯೊಳಗಿನ ಮೊರವನ್ನು. ಎದುರಿಗಿರುವ ಮೊರದ ಹೆಣಿಗೆ ಅಂಚಿನಲ್ಲಿ ಹೇಗೆ ತಿರುಗಿ ಹೊಕ್ಕಿದೆಯೆಂಬುದನ್ನು ಬರೆಯಹೊರಟಾಗಲೇ ನಾವು ಅದನ್ನು ಮೊದಲ ಬಾರಿಗೆ ನೋಡುತ್ತೇವೆ. ಆದುದರಿಂದ ಚಿತ್ರ ಬರೆಯುವುದು ಇಲ್ಲಿ ಗುರಿಯಲ್ಲ, ನೋಡುವುದಕ್ಕೆ ಒಂದು ಸಾಧನ. ಇದರೊಡನೆ ಬಣ್ಣಗಳ ಪರಸ್ಪರ ಸಂಬಂಧ, ರೇಖಾಗಣಿತ, ಮಣ್ಣು, ಮರ, ಲೋಹ, ಕಾಗದ, ನೂಲುಗಳ ಗುಣಾವಗುಣಗಳ ಪಾಠ ನಡೆಯುತ್ತದೆ.

ಎರಡನೆಯ ವರ್ಷದಿಂದ ಶಾಖೆಗಳು ಬೇರೆಬೇರೆಯಾಗುತ್ತವೆ. ವಸ್ತುವಿನ್ಯಾಸ, ಪೀಠೋಪಕರಣ, ಜವಳಿ, ಕುಂಭಕಲೆ, ಗ್ರಂಥ ಮತ್ತು ಅಕ್ಷರಗಳ ವಿನ್ಯಾಸ, ಚಲಚ್ಚಿತ್ರ, ಗಣಕಯಂತ್ರದ ಮತ್ತು ದೂರವಾಣಿಯ ತೆರೆಯ ಮೇಲೆ ಮನುಷ್ಯನು ವ್ಯವಹರಿಸುವ ರೀತಿ, ಹೀಗೆ ಅನೇಕ. ಇವುಗಳಲ್ಲಿ ಒಂದೊಂದಕ್ಕೂ ಕಠಿನವಾದ ಶಾಸ್ತ್ರಭಾಗವುಂಟು. ಕನ್ನಡದ ಅಚ್ಚಿನ ಮೊಳೆಯನ್ನೇ ತೆಗೆದುಕೊಳ್ಳಿರಿ. ನಮ್ಮ ಒತ್ತಕ್ಷರಗಳು ಸಾಲಿನ ಕೆಳಕ್ಕೆ ಇಳಿಯುತ್ತವೆ. ಇಂಗ್ಲಿಷ್ ಅಕ್ಷರದ ಅಳತೆಗೆಂದು ಏರ್ಪಡಿಸಿದ ಸಾಲುಗಳಲ್ಲಿ ಅವು ಕೆಳಗಿನ ಸಾಲನ್ನು ತಾಗುತ್ತವೆ. ಔಷಧದ ಸೀಸೆಯ ಮೇಲಿನ ಕಿರಿದಾದ ಚೀಟಿಯಲ್ಲಿ ಈ ತೊಡಕು ಬಂದರೆ, ಮುದುಕರಾದ ಓದುಗರು ದಿನಕ್ಕೆ ಎಷ್ಟು ಗುಳಿಗೆಯೆಂಬುದನ್ನು ತಪ್ಪಾಗಿ ಓದುವ ಅಪಾಯವುಂಟು. ಅಕ್ಷರದ ವಿನ್ಯಾಸವು ಅಲಂಕಾರವಲ್ಲವೆಂಬುದು ಆಗ ತಿಳಿಯುತ್ತದೆ.

ಜವಳಿಯ ಶಾಖೆಯು ಕೊಳ್ಳೇಗಾಲಕ್ಕೆ ನೇರವಾಗಿ ಸಂಬಂಧಿಸಿದುದು. ಫ್ರಾನ್ಸಿನ ಲಿಯೋನ್ ನಗರದ ಜಕಾರ್ಡ್ ಎಂಬಾತನು ೧೮೦೪ರ ಸುಮಾರಿನಲ್ಲಿ ರೂಪಿಸಿದ ಯಂತ್ರವನ್ನು ಮಗ್ಗದ ಮೇಲೆ ಕೂಡಿಸಿ ಅಂಚಿನ ಮತ್ತು ಸೆರಗಿನ ಚಿತ್ರಗಳನ್ನು ನೇಯುವರಷ್ಟೆ. ಚಿತ್ರವನ್ನು ಮೊದಲು ಚೌಕುಳಿ ಕಾಗದದ ಮೇಲೆ ಬರೆಯುತ್ತಾರೆ. ಒಂದೊಂದು ಚೌಕವೂ ಹಾಸು ಹೊಕ್ಕುಗಳು ಕೂಡುವ ಒಂದೊಂದು ಸ್ಥಾನ. ಹೊಕ್ಕಿನ ಒಂದೊಂದು ಎಳೆಗೂ ಒಂದೊಂದು ರಟ್ಟು. ರಟ್ಟಿನಲ್ಲಿ ರಂಧ್ರವಿದ್ದ ಕಡೆ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದ ಕಡೆ ಕೆಳಗುಳಿಯುತ್ತದೆ. ಒಂದು ಹೂವು ಮುಗಿಯುವುದಕ್ಕೆ ೧೨೦ ಹೊಕ್ಕುಗಳು ಬೇಕಾದರೆ ೧೨೦ ರಟ್ಟುಗಳು ಬೇಕು. ಹೀಗಿರುವಾಗ, ಕಾಗದದ ಮೇಲೆ ಮನಸ್ಸಿಗೆ ಬಂದಂತೆ ಬಳುಕಿಸಿದ ಬಳ್ಳಿಯು ಮಗ್ಗದ ಮೇಲೆ ಮೆಟ್ಟಿಲುಮೆಟ್ಟಿಲಾಗಿ ಒಡೆದು ಕಾಣಬಹುದು; ಜರಿಯ ಎಳೆ ಉದ್ದಕ್ಕೆ ತೇಲಿಬಿಟ್ಟರೆ ಉಡುವವಳ ಬಳೆಗೆ ಸಿಕ್ಕಿ ಕಿತ್ತುಬರಬಹುದು. ಮಗ್ಗದ ಮುಂದೆ ಕುಳಿತು ಲಾಳಿ ಎಸೆದವರ ಮನೆಯ ಹುಡುಗನಿಗೆ ಈ ಸಂಗತಿಗಳು ಹೇಳದೆಯೇ ತಿಳಿದಿರುತ್ತವೆ. ಪಟ್ಟಣದ ವಿದ್ಯಾರ್ಥಿಯು ಇವನ್ನು ಮೂರನೆಯ ವರ್ಷದಲ್ಲಿ, ಸಾಕಷ್ಟು ನೂಲನ್ನು ಹಾಳುಮಾಡಿದ ತರುವಾಯ ಕಲಿಯುತ್ತಾನೆ.

ಪರೀಕ್ಷೆಯ ಕ್ರಮವೂ ಬೇರೆ. ಬರೆದು ಒಪ್ಪಿಸುವ ಉತ್ತರಪತ್ರಿಕೆಗಿಂತ ಮಾಡಿ ತೋರಿಸುವ ಕೆಲಸಕ್ಕೆ ಇಲ್ಲಿ ಬೆಲೆ ಹೆಚ್ಚು. ವಿದ್ಯಾರ್ಥಿಯು ತಾನು ಕಂಡ ಅಗತ್ಯವನ್ನೂ, ಮಾಡಿ ಕೈಬಿಟ್ಟ ಮಾದರಿಗಳನ್ನೂ, ಉಳಿಸಿಕೊಂಡ ಮಾದರಿಯನ್ನೂ ಪರೀಕ್ಷಕರ ಮಂಡಳಿಯ ಮುಂದೆ ಇಟ್ಟು ಕಾರಣಗಳನ್ನು ಹೇಳಬೇಕು. ಕೈಬಿಟ್ಟವುಗಳನ್ನು ಬಚ್ಚಿಡುವಂತಿಲ್ಲ, ಏಕೆ ಬಿಟ್ಟೆಯೆಂಬುದೇ ಮುಖ್ಯವಾದ ಪ್ರಶ್ನೆ. ನಡುವೆ ಹಳ್ಳಿಗಳಿಗೆ ಹೋಗಿ ಕಸಬುದಾರರ ಜೊತೆಯಲ್ಲಿದ್ದು ಅವರ ಕೆಲಸವನ್ನು ಅಳೆದು, ಬರೆದು, ದಾಖಲೆ ಮಾಡಿಕೊಂಡು ಬರುವ ಪಾಠವೂ ಅಹಮದಾಬಾದಿನಲ್ಲಿ ಬಹುಕಾಲದಿಂದ ನಡೆದುಬಂದಿದೆ.

ಇಂತಹ ವ್ಯಾಸಂಗಕ್ಕೆ ಎಲ್ಲೆಲ್ಲಿ ಅನುಕೂಲವುಂಟು? ಅಹಮದಾಬಾದಿನ ಸಂಸ್ಥೆಯು ಬಹುಕಾಲ ಡಿಪ್ಲೊಮಾವನ್ನು ಮಾತ್ರ ಕೊಡುತ್ತಿತ್ತು. ೨೦೧೪ರ ಕಾಯಿದೆಯಿಂದ ರಾಷ್ಟ್ರೀಯ ಪ್ರಾಮುಖ್ಯದ ಸಂಸ್ಥೆಯೆನಿಸಿ ಪದವಿಯನ್ನು ಕೊಡುವ ಅಧಿಕಾರವನ್ನು ಪಡೆಯಿತು. ಗುವಾಹಾಟಿಯ ಐ.ಐ.ಟಿ.ಯಲ್ಲಿ ೧೯೯೮ರಿಂದಲೂ, ಮುಂಬಯಿಯ ಐ.ಐ.ಟಿ.ಯಲ್ಲಿ ೨೦೧೫ರಿಂದಲೂ ವಿನ್ಯಾಸದ ಪದವಿ ತರಗತಿಗಳಿವೆ. ಬೆಂಗಳೂರಿನಲ್ಲಿ ೧೯೯೬ರಲ್ಲಿ ಆರಂಭವಾದ ಸೃಷ್ಟಿ ಎಂಬ ಖಾಸಗಿ ಸಂಸ್ಥೆಯೂ, ಉಡುಪು ಮತ್ತು ಜವಳಿಗೆ ಸಂಬಂಧಪಟ್ಟ ನಿಫ್ಟ್ ಎಂಬ ರಾಷ್ಟ್ರೀಯ ಸಂಸ್ಥೆಯ ಕೇಂದ್ರವೂ ಇವೆ. ನಮ್ಮ ಮೈಸೂರಿನ ಚರಿತ್ರೆ ಇದಕ್ಕಿಂತ ಹಳೆಯದು. ಸಯ್ಯಾಜಿರಾವ್ ರಸ್ತೆಯಲ್ಲಿ ಇಂದಿಗೂ ನಿಂತಿರುವ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯ ಕಟ್ಟಡಕ್ಕೆ ೧೯೦೬ರಲ್ಲಿ ಶಂಕುಸ್ಥಾಪನೆಯಾಗಿ, ೧೯೧೩ರಲ್ಲಿ ಅದು ಸಿದ್ಧವಾಯಿತು. ಚಿತ್ರ, ಕೆತ್ತನೆ, ಲೋಹದ ಕೆಲಸ ಮೊದಲಾದುವನ್ನು ಒಂದೇ ಸೂರಿನಡಿಯಲ್ಲಿ ಕಲಿಸಬೇಕೆಂಬ ದೂರದೃಷ್ಟಿ ಅಲ್ಲಿತ್ತು. ಚಾಮರಾಜೇಂದ್ರರ ಹೆಸರನ್ನೇ ಹೊತ್ತು ಮೈಸೂರಿನಲ್ಲಿ ಈಗ ನಡೆಯುತ್ತಿರುವ ಸರ್ಕಾರಿ ದೃಶ್ಯಕಲಾ ಅಕಾಡೆಮಿಯು ದೃಶ್ಯಕಲೆಯ ಪದವಿಗೆ ವಿದ್ಯಾರ್ಥಿಗಳನ್ನು ಸಿದ್ಧಗೊಳಿಸುತ್ತದೆ. ಅಲ್ಲಿನ ಅನ್ವಯಕಲೆಯು ವಿನ್ಯಾಸಕ್ಕೆ ಸಮೀಪದ ದಾರಿ.

ಈಗ ಶಾಗ್ಯದ ನಮ್ಮ ಹುಡುಗಿಯ ಬಳಿಗೆ ಹಿಂದಿರುಗೋಣ. ಮೇಲೆ ಹೇಳಿದ ರಾಷ್ಟ್ರೀಯ ಸಂಸ್ಥೆಗಳಿಗೆ ಸೇರಲು ವಿಜ್ಞಾನವನ್ನೇ ಓದಿರಬೇಕೆಂಬ ನಿರ್ಬಂಧವಿಲ್ಲ. ಯಾವ ವಿಭಾಗದಲ್ಲಿ ಹನ್ನೆರಡನೆಯ ತರಗತಿಯನ್ನು ಮುಗಿಸಿದವರೂ ಪರೀಕ್ಷೆಗೆ ಕುಳಿತುಕೊಳ್ಳಬಹುದು. ಪರೀಕ್ಷೆಯ ಒಂದು ಭಾಗದಲ್ಲಿ ಕೆಲವು ಕಡೆ ಕಡ್ಡಿ, ಕಾಗದ, ತಂತಿ ಮೊದಲಾದ ಸಾಮಗ್ರಿಗಳನ್ನು ಕೊಟ್ಟು, ಗೊತ್ತುಮಾಡಿದ ಕಾಲದೊಳಗೆ ಏನನ್ನಾದರೂ ಮಾಡಿ ತೋರಿಸಬೇಕೆನ್ನುತ್ತಾರೆ. ಬಿದಿರು ಹೆಣೆಯುವುದನ್ನೂ ಹುಳು ಬಿಡಿಸುವುದನ್ನೂ ಚಿಕ್ಕಂದಿನಿಂದ ಕಂಡ ಕೈಗೆ ಇದು ಹೆದರಿಕೆಯ ಕೆಲಸವಲ್ಲ. ಇಷ್ಟರಮಟ್ಟಿಗೆ ಬಾಗಿಲು ತೆರೆದೇ ಇದೆ.

ಆದರೆ ಆ ಬಾಗಿಲಿಗೆ ಹೋಗುವ ದಾರಿಯಲ್ಲಿ ಮೂರು ಅಡ್ಡಿಗಳಿವೆ. ಮೊದಲನೆಯದು ಭಾಷೆ. ಪ್ರಶ್ನೆಪತ್ರಿಕೆಗಳು ಇಂಗ್ಲಿಷಿನಲ್ಲಿ, ಕೆಲವು ಹಿಂದಿಯಲ್ಲಿಯೂ ಇರುತ್ತವೆ, ಕನ್ನಡದಲ್ಲಿಲ್ಲ. ಹುಳುವಿನ ಸ್ವಭಾವವನ್ನು ಬಲ್ಲವಳು ಪ್ರಶ್ನೆಯ ಮಾತನ್ನು ಬಿಡಿಸಿಕೊಳ್ಳುವುದರಲ್ಲಿಯೇ ತನ್ನ ಕಾಲವನ್ನು ಕಳೆದುಬಿಡುತ್ತಾಳೆ. ಎರಡನೆಯದು ಹಣ. ನಾಲ್ಕು ವರ್ಷಗಳ ವೆಚ್ಚವು ಲಕ್ಷಗಳ ಲೆಕ್ಕದಲ್ಲಿದೆ. ಪರೀಕ್ಷೆಗೆ ಸಿದ್ಧಗೊಳಿಸುವ ಖಾಸಗಿ ಪಾಠಶಾಲೆಗಳು ದೊಡ್ಡ ಪಟ್ಟಣಗಳಲ್ಲಿವೆ, ಅವುಗಳ ಶುಲ್ಕವೂ ಕಡಮೆಯದಲ್ಲ. ಮೂರನೆಯದು ಎಲ್ಲಕ್ಕಿಂತ ದೊಡ್ಡದು: ಇಂತಹ ವಿದ್ಯೆಯೊಂದು ಉಂಟೆಂಬುದೇ ತಿಳಿಯದಿರುವುದು. ವೈದ್ಯನನ್ನು ಹಳ್ಳಿಯ ಮಗು ನೋಡಿರುತ್ತದೆ, ಉಪಾಧ್ಯಾಯನನ್ನು ನೋಡಿರುತ್ತದೆ. ವಿನ್ಯಾಸಕಾರನನ್ನು ಅದು ನೋಡಿರುವುದಿಲ್ಲ. ನೋಡಿದ್ದರೂ ಆತನು ಬಿದಿರು ಸೀಳುವ ನೆರೆಯವನೇ ಆಗಿರುವುದರಿಂದ ಗುರುತು ಹಿಡಿದಿರುವುದಿಲ್ಲ.

ಹಣದ ಅಡ್ಡಿಗೆ ಒಂದಿಷ್ಟು ಪರಿಹಾರವುಂಟು. ಸರ್ಕಾರದ ಸಂಸ್ಥೆಗಳಲ್ಲಿ ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೂ ಹಿಂದುಳಿದ ವರ್ಗಗಳಿಗೂ ಕಾಯಿದೆಯಂತೆ ಸ್ಥಾನಗಳು ಮೀಸಲಾಗಿವೆ, ವಿದ್ಯಾರ್ಥಿವೇತನಗಳೂ ಇವೆ. ನಿಫ್ಟ್ ಸಂಸ್ಥೆಯು ಈಚಿನ ವರ್ಷಗಳಲ್ಲಿ ಕೈಮಗ್ಗದ ಮತ್ತು ಕರಕುಶಲದ ಕಸಬುದಾರರಿಗೂ ಅವರ ಮಕ್ಕಳಿಗೂ ಪ್ರತ್ಯೇಕವಾದ ಪ್ರವೇಶದ ಏರ್ಪಾಟನ್ನು ಮಾಡಿದೆ. ಅದಕ್ಕೆ ಸರ್ಕಾರದಿಂದ ಪಡೆದ ಕಸಬುದಾರರ ಗುರುತಿನ ಚೀಟಿ ಬೇಕು. ಕೊಳ್ಳೇಗಾಲದ ನೇಕಾರರ ಮನೆಗಳಲ್ಲಿ ಈ ಚೀಟಿಯ ಮಹತ್ತ್ವವನ್ನು ತಿಳಿದವರು ಎಷ್ಟು ಮಂದಿ ಎಂಬುದನ್ನು ಅಲ್ಲಿನ ಶಾಲೆಗಳ ಉಪಾಧ್ಯಾಯರು ವಿಚಾರಿಸಿ ನೋಡುವುದು ಒಳ್ಳೆಯದು.

ಹಳ್ಳಿಯ ಒಂದು ಹುಡುಗಿ ಈ ವಿದ್ಯೆಗೆ ಬಾರದೆ ಹೋದರೆ ನಷ್ಟವೇನು ಎಂದು ಕೇಳಬಹುದು. ಅವಳ ನಷ್ಟ ಸ್ಪಷ್ಟವಾಗಿಯೇ ಇದೆ. ನಮ್ಮ ನಷ್ಟವನ್ನು ಒಂದು ದೃಷ್ಟಾಂತದಿಂದ ಹೇಳುತ್ತೇನೆ. ಲಂಟಾನವೆಂಬ ಪರದೇಶದ ಮುಳ್ಳುಪೊದೆಯು ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಅಲಂಕಾರದ ಗಿಡವಾಗಿ ನಮ್ಮ ದೇಶಕ್ಕೆ ಬಂದು, ಈಗ ಮಹದೇಶ್ವರನ ಬೆಟ್ಟದ ಕಾಡುಗಳನ್ನು ಬಹುವಾಗಿ ಆವರಿಸಿ, ಹುಲ್ಲನ್ನೂ ಎಳೆಯ ಮರಗಳನ್ನೂ ಮೇಲೇಳಗೊಡದಂತೆ ಮಾಡಿದೆ. ಅಲ್ಲಿನ ಸೋಲಿಗರಿಗೆ ಬಿದಿರಿನ ಕೆಲಸ ಪರಂಪರೆಯಿಂದ ಬಂದುದು. ಬೆಂಗಳೂರಿನ ಏಟ್ರೀ ಎಂಬ ಸಂಶೋಧನ ಸಂಸ್ಥೆಯ ನೆರವಿನಿಂದ, ಈ ಶತಮಾನದ ಮೊದಲ ದಶಕದಲ್ಲಿ, ಬಿದಿರಿಗೂ ಬೆತ್ತಕ್ಕೂ ಬದಲಾಗಿ ಲಂಟಾನದ ಕಡ್ಡಿಯನ್ನು ಕುದಿಸಿ, ತೊಗಟೆ ಸುಲಿದು, ಬಾಗಿಸಿ, ಕುರ್ಚಿ ಮೇಜುಗಳನ್ನು ಮಾಡುವುದನ್ನು ಅವರು ಕಲಿತರು. ಕಾಡಿಗೆ ಕೇಡಾದುದೇ ಕೈಗೆ ಕೆಲಸವಾಯಿತು. ಇಲ್ಲಿ ಪದಾರ್ಥದ ಜ್ಞಾನ ಕಾಡಿನವರದು. ಕುರ್ಚಿಯ ಅಳತೆ, ಮಾರುಕಟ್ಟೆಯ ರುಚಿ ಪಟ್ಟಣದವರದು. ಈ ಎರಡೂ ಒಂದೇ ತಲೆಯಲ್ಲಿ ಕೂಡಿದ್ದರೆ? ಕಡ್ಡಿ ಯಾವ ಋತುವಿನಲ್ಲಿ ಬಾಗುತ್ತದೆ, ಎಲ್ಲಿ ಸೀಳುತ್ತದೆ ಎಂಬುದನ್ನು ಅಜ್ಜನಿಂದ ಕಲಿತವಳೇ ಕುರ್ಚಿಯ ನಕ್ಷೆಯನ್ನೂ ಬರೆಯಬಲ್ಲವಳಾದರೆ, ಅವಳು ಇನ್ನೊಬ್ಬರ ನಕ್ಷೆಗೆ ಕೂಲಿ ಮಾಡಬೇಕಾಗುವುದಿಲ್ಲ. ಬೆಲೆಯನ್ನು ಗೊತ್ತುಮಾಡುವಾಗಲೂ ಅವಳ ಮಾತು ನಡೆಯುತ್ತದೆ.

ಬೌಹೌಸಿನ ಇಬ್ಬರು ಗುರುಗಳನ್ನು ನೆನಪಿನಲ್ಲಿಡಿರೆಂದು ನಾನು ಕೇಳಿಕೊಂಡುದು ಇದಕ್ಕಾಗಿಯೇ. ಕೈಬಲ್ಲವನೂ ರೂಪಬಲ್ಲವನೂ ಬೇರೆಬೇರೆಯಾಗಿ ಉಳಿದರೆ ಒಬ್ಬನು ಆಳಾಗುತ್ತಾನೆ, ಇನ್ನೊಬ್ಬನು ನೆಲ ಕಾಣದವನಾಗುತ್ತಾನೆ. ಪಟ್ಟ ಪಡೆದ ವಿನ್ಯಾಸಕಾರನು ಹುಳುಮನೆಯಲ್ಲಿ ಒಂದು ರಾತ್ರಿಯೂ ಎಚ್ಚರವಿರದೆ ರೈತನಿಗೆ ಹೊಸ ಸಲಕರಣೆಯನ್ನು ಬರೆದುಕೊಟ್ಟರೆ, ಅದು ಪ್ರದರ್ಶನದಲ್ಲಿ ಹೊಗಳಿಸಿಕೊಂಡು ಅಟ್ಟ ಸೇರುವುದು ಖಂಡಿತ. ಆ ಮನೆಯಲ್ಲಿಯೇ ಬೆಳೆದವಳಿಗೆ ಹುಳು ಹಣ್ಣಾಗುವ ದಿನ ಎಲ್ಲರೂ ಹೇಗೆ ಓಡಾಡುವರೆಂಬುದು ಗೊತ್ತು. ಬಗ್ಗಿ ಬಗ್ಗಿ ತಾಯಿಯ ಸೊಂಟ ಹೇಗೆ ನೋಯುವುದೆಂಬುದು ಗೊತ್ತು. ಪ್ರಶ್ನೆ ಅವಳ ಬಳಿ ಆಗಲೇ ಇದೆ. ಅದನ್ನು ಕ್ರಮವಾಗಿ ಬಿಡಿಸುವ ವಿದ್ಯೆ ಬೇಕಾಗಿದೆ.

ಶ್ರೋತೃಗಳೇ, ಪಟ್ಟಣದ ವಿದ್ಯಾವಂತರಾದ ನಾವು ಮಾಡಬಹುದಾದುದು ಕೆಲವುಂಟು. ವಿನ್ಯಾಸವಿದ್ಯೆಯ ವಿಚಾರವನ್ನು ತಿಳಿಗನ್ನಡದಲ್ಲಿ ಬರೆದು ಹಳ್ಳಿಯ ಪ್ರೌಢಶಾಲೆಗಳಿಗೆ ಮುಟ್ಟಿಸಬಹುದು. ಪ್ರವೇಶಪರೀಕ್ಷೆಗಳು ಕನ್ನಡದಲ್ಲಿಯೂ ನಡೆಯಲೆಂದು ಕೇಳಬಹುದು. ನಮ್ಮ ನುಡಿಯ ಒಂದು ಮಗುವಿನ ಬುದ್ಧಿಯನ್ನು ಅಳೆಯುವುದಕ್ಕೆ ನಮ್ಮ ನುಡಿ ಸಾಲದೆಂಬುದು ಮರ್ಯಾದೆಯ ಮಾತಲ್ಲ. ಉಪಾಧ್ಯಾಯರಾಗಿರುವವರು ವಾರಕ್ಕೆ ಒಂದು ಮಧ್ಯಾಹ್ನವನ್ನು ಕೈಕೆಲಸಕ್ಕೆ ಬಿಟ್ಟು, ಊರಿನ ಮೇದರನ್ನೋ ನೇಕಾರರನ್ನೋ ತರಗತಿಗೆ ಕರೆದು, ಮಕ್ಕಳಿಂದ ಅವರ ಕೆಲಸವನ್ನು ನೋಡಿಸಿ ಬರೆಯಿಸಬಹುದು. ವಿನ್ಯಾಸವನ್ನೇ ಓದುತ್ತಿರುವ ನಿಮ್ಮ ಮಕ್ಕಳು ರಜೆಯಲ್ಲಿ ಕೊಳ್ಳೇಗಾಲದ ಕಡೆಗೆ ಹೋಗುವುದಾದರೆ, ಕಲಿಸುವುದಕ್ಕಿಂತ ಮೊದಲು ಕಲಿಯುವುದಕ್ಕೆ ಹೋಗಲಿ.

ಶಾಗ್ಯದ ಆ ತಂದೆಗೆ ಉತ್ತರ ಹೇಳುವುದು ಇನ್ನೂ ಉಳಿದಿದೆ. ಮಗಳು ಅವನನ್ನು ಹುಳುಮನೆಗೆ ಕರೆದುಕೊಂಡು ಹೋಗಿ, ಗೋಡೆಗೆ ಒರಗಿಸಿದ ಚಂದ್ರಿಕೆಯನ್ನು ತೋರಿಸಿ, "ಅಪ್ಪ, ಇದ್ನ ಹಿಂಗೇ ಯಾಕೆ ಸುತ್ತವ್ರೆ?" ಎಂದು ಕೇಳಲಿ. ಅವನು ಹುಳುವಿನ ವಿಚಾರ, ಗಾಳಿಯ ವಿಚಾರ, ಜೋಡಿಗೂಡಿನ ವಿಚಾರ ಎಲ್ಲವನ್ನೂ ಸಾದ್ಯಂತವಾಗಿ ಹೇಳುವನು. ಹೇಳುವುದಕ್ಕೆ ಅರ್ಧ ಗಂಟೆಯಾದರೂ ಬೇಕಾಗುವುದು. ತಾನು ನಾಲ್ಕು ವರ್ಷ ಓದಹೊರಟಿರುವುದು ಇದನ್ನೇ ಎಂದು ಆಗ ಅವಳು ತಿಳಿಸಬಹುದು.